ಉರಿಯ ಬಣ್ಣದಿಂದ ಕಾವನ್ನು ಅಳೆಯುವ ಬಗೆ

ಅಕ್ಕಲಕೋಟೆಯ ಕಡೆ ಬೆಲ್ಲದ ಗಾಣ ನಡೆಸುವ ವಾಚಕರೊಬ್ಬರು ನಮಗೆ ಒಂದು ಪ್ರಶ್ನೆ ಕಳಿಸಿದ್ದಾರೆ. ಕಾಲೇಜಿನಿಂದ ರಜೆಗೆ ಬಂದ ಅವರ ಮಗ ಗಾಣದ ಒಲೆಯ ಬಾಯಿಗೆ ಮೊಬೈಲ್ ಹಿಡಿದು ಚಿತ್ರ ತೆಗೆದು, "ಅಪ್ಪಾ, ಉರಿಯ ಕಾವು 1700 ಡಿಗ್ರಿ ಇದೆ" ಎಂದನಂತೆ. ಮರುಗಳಿಗೆಯಲ್ಲಿ ಇನ್ನೊಂದು ಚಿತ್ರ ತೆಗೆದಾಗ ಅದೇ ಮೊಬೈಲ್ 900 ಎಂದಿತಂತೆ. ನಡುವೆ ಒಲೆಗೆ ಒಂದು ಹಿಡಿ ಸಿಪ್ಪೆಯನ್ನೂ ಹಾಕಿರಲಿಲ್ಲ. "ಇದರಲ್ಲಿ ಹುರುಳಿದೆಯೋ ಬರೀ ಹುಡುಗಾಟವೋ ತಿಳಿಸಿರಿ. ಹೋದ ಹಂಗಾಮಿನಲ್ಲಿ ಸಿಪ್ಪೆ ಸಾಲದೆ ಕಟ್ಟಿಗೆ ಕೊಂಡು ಹಾಕಿದೆ, ಬೆಲ್ಲದ ಲಾಭವೆಲ್ಲ ಒಲೆಯ ಬಾಯಿಗೇ ಹೋಯಿತು. ಕಾವು ಅಳೆಯುವುದರಿಂದ ಉರುವಲು ಉಳಿದೀತೇ?" ಎಂದು ಅವರು ಕೇಳುತ್ತಾರೆ.

ಹುರುಳು ಇದೆ. ಆದರೆ ಆ ಹುಡುಗ ಕಂಡ ಎರಡು ಅಂಕೆಗಳಲ್ಲಿ ಮೊದಲನೆಯದಂತೂ ಸುಳ್ಳು, ಎರಡನೆಯದನ್ನೂ ನಂಬುವಂತಿಲ್ಲ. ಕಬ್ಬಿಣ ಕರಗುವುದು 1538 ಡಿಗ್ರಿಗೆ. ಗಾಣದ ಒಲೆಯಲ್ಲಿ 1700 ಡಿಗ್ರಿ ಇದ್ದಿದ್ದರೆ ಒಳಗಿನ ಸಲಾಕೆಗಳು ನೀರಾಗಿ ಬೂದಿಯೊಳಗೆ ಇಳಿಯುತ್ತಿದ್ದವು. ಹಾಗಾದರೆ ಹುರುಳು ಎಲ್ಲಿದೆ, ತಪ್ಪು ಎಲ್ಲಿ ನುಸುಳಿತು ಎಂಬುದನ್ನು ಬಿಡಿಸಿ ಹೇಳುವ ಪ್ರಯತ್ನ ಮಾಡುತ್ತೇವೆ. ಇಲ್ಲಿ ಹೇಳುವ ಡಿಗ್ರಿಗಳೆಲ್ಲ ಸೆಂಟಿಗ್ರೇಡ್ ಮಾನದವು.

ಬಣ್ಣ ನೋಡಿ ಕಾವು ಹೇಳುವುದು ಹೊಸ ವಿದ್ಯೆಯಲ್ಲ. ನಮ್ಮೂರ ಕಂಬಾರನಿಗೆ ಅದು ಕೈಗತವಾದ ವಿದ್ಯೆ. ಕುಡುಗೋಲಿಗೆ ನೀರು ಹಿಡಿಸುವಾಗ ಅವನು ಯಾವ ಯಂತ್ರವನ್ನೂ ನೋಡುವುದಿಲ್ಲ, ಕೆಂಪು ಯಾವ ಹದಕ್ಕೆ ಬಂದಿದೆ ಎಂದು ನೋಡುತ್ತಾನೆ. ಕಾದ ವಸ್ತು ಕತ್ತಲೆಯಲ್ಲಿ ಮೊದಲು ಮಂಕಾಗಿ ಕೆಂಪಗೆ ಕಾಣತೊಡಗುವುದು ಸುಮಾರು 525 ಡಿಗ್ರಿಗೆ. ಇದನ್ನು ಅಮೇರಿಕೆಯ ಜಾನ್ ಡ್ರೇಪರ್ ಎಂಬ ವಿಜ್ಞಾನಿ 1847ರಲ್ಲಿ ಅಳೆದು ತೋರಿಸಿದನು. ಅದು ಕಬ್ಬಿಣವೇ ಆಗಲಿ, ಕಲ್ಲೇ ಆಗಲಿ, ಇದ್ದಿಲೇ ಆಗಲಿ, ಬೆಳಗತೊಡಗುವ ಕಾವು ಹೆಚ್ಚುಕಡಿಮೆ ಒಂದೇ. ಮುಂದೆ 750ರಿಂದ 800ರ ಸುಮಾರಿಗೆ ಒಳ್ಳೆಯ ಕೆಂಪು, 950ರ ಮೇಲೆ ಕಿತ್ತಳೆ, 1100ರ ಹತ್ತಿರ ಹಳದಿ, 1300ಕ್ಕೆ ಬಿಳುಪು. ಕಂಬಾರಸಾಲೆ ಯಾವಾಗಲೂ ಕತ್ತಲೆಗೂಡಿನಂತೆ ಇರುವುದು ಬಡತನದಿಂದಷ್ಟೇ ಅಲ್ಲ. ಬಿಸಿಲಿನಲ್ಲಿ ಕೆಂಪು ಮಂಕಾಗಿ ಕಾಣುತ್ತದೆ, ಇನ್ನೂ ಕಾಯಲಿ ಎಂದು ತಿದಿಯೊತ್ತಿದರೆ ಉಕ್ಕು ಕೆಡುತ್ತದೆ. ಅಂಥ ಕುಡುಗೋಲು ಹೊಲದಲ್ಲಿ ಎರಡೇ ದಿನಕ್ಕೆ ಬಾಯಿ ಮುರಿದುಕೊಳ್ಳುತ್ತದೆ.

ಕಾವು ಏರಿದಂತೆ ಬಣ್ಣ ಏಕೆ ಬದಲಾಗುತ್ತದೆ? ಕಾದ ವಸ್ತು ಎಲ್ಲ ಬಣ್ಣದ ಬೆಳಕನ್ನೂ ಒಟ್ಟಿಗೇ ಸೂಸುತ್ತದೆ, ಆದರೆ ಸಮನಾಗಿ ಅಲ್ಲ. ಕಡಿಮೆ ಕಾವಿನಲ್ಲಿ ಕಣ್ಣಿಗೆ ಕಾಣುವ ಬೆಳಕೆಂದರೆ ಹೆಚ್ಚಾಗಿ ಕೆಂಪೇ. ಕಾವು ಏರಿದಂತೆ ಕೆಂಪೂ ಹೆಚ್ಚುತ್ತದೆ, ಆದರೆ ಹಸಿರು ಅದಕ್ಕಿಂತ ಬೇಗ ಹೆಚ್ಚುತ್ತದೆ, ನೀಲಿ ಇನ್ನೂ ಬೇಗ. ಕೆಂಪಿಗೆ ಹಸಿರು ಬೆರೆತಾಗ ನಮ್ಮ ಕಣ್ಣಿಗೆ ಹಳದಿ ಕಾಣುತ್ತದೆ, ಮೂರೂ ಬೆರೆತಾಗ ಬಿಳುಪು. ಯಾವ ಕಾವಿಗೆ ಯಾವ ಬಣ್ಣ ಎಷ್ಟು ಹೊರಡುತ್ತದೆ ಎಂಬ ಲೆಕ್ಕದ ಸೂತ್ರವನ್ನು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಕೊಟ್ಟನು. ಅಲ್ಲಿಂದ ಮುಂದೆ ಬಣ್ಣ ನೋಡಿ ಕಾವು ಹೇಳುವುದು ಕಣ್ಣಂದಾಜಿನ ಮಾತಾಗಿ ಉಳಿಯದೆ ಗಣಿತದ ಮಾತಾಯಿತು.

ಮೊಬೈಲಿನ ಕ್ಯಾಮೆರಾ ಇಲ್ಲಿಯೇ ಉಪಯೋಗಕ್ಕೆ ಬರುವುದು. ಅದರ ಒಳಗೆ ಬೆಳಕನ್ನು ಹಿಡಿಯುವ ಲಕ್ಷಗಟ್ಟಲೆ ಸಣ್ಣ ಚೌಕಗಳಿವೆ. ಪ್ರತಿ ನಾಲ್ಕು ಚೌಕಗಳಲ್ಲಿ ಎರಡರ ಮೇಲೆ ಹಸಿರು, ಒಂದರ ಮೇಲೆ ಕೆಂಪು, ಒಂದರ ಮೇಲೆ ನೀಲಿ ಸೋಸುಗಾಜು ಹೊದಿಸಿರುತ್ತಾರೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದನು. ಅಂದರೆ ನೀವು ಒಲೆಯ ಚಿತ್ರ ತೆಗೆದಾಗ, ಚಿತ್ರದ ಪ್ರತಿಯೊಂದು ಚುಕ್ಕೆಯಲ್ಲಿಯೂ ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಎಂದು ಮೂರು ಅಂಕೆಗಳು ದಾಖಲಾಗಿರುತ್ತವೆ. ಕಂಬಾರನ ಕಣ್ಣು 'ಕೆಂಪು', 'ಕಿತ್ತಳೆ' ಎಂದು ಹೇಳುವುದನ್ನು ಕ್ಯಾಮೆರಾ ಅಂಕೆಯಲ್ಲಿ ಹೇಳುತ್ತದೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇವೆ. ಕೆಂಪು ಸೋಸುಗಾಜು 600 ನ್ಯಾನೋಮೀಟರ್ ಅಲೆಯ ಬೆಳಕನ್ನೂ ಹಸಿರಿನದು 530 ನ್ಯಾನೋಮೀಟರ್ ಬೆಳಕನ್ನೂ ಸಮನಾಗಿ ಬಿಡುತ್ತವೆ ಎಂದು ಹಿಡಿಯಿರಿ. ಆಗ ಸೂತ್ರದ ಪ್ರಕಾರ 800 ಡಿಗ್ರಿಯಲ್ಲಿ ಕಾದ ವಸ್ತುವಿನಿಂದ ಬರುವ ಕೆಂಪು ಹಸಿರಿನ ಹತ್ತು ಪಟ್ಟು ಇರುತ್ತದೆ. 1000 ಡಿಗ್ರಿಯಲ್ಲಿ ಆರೂವರೆ ಪಟ್ಟು, 1200ರಲ್ಲಿ ನಾಲ್ಕೂವರೆ ಪಟ್ಟು, 1400ರಲ್ಲಿ ಮೂರೂವರೆ ಪಟ್ಟು. ಇಲ್ಲಿ ಅಳೆಯುವುದು ಬೆಳಕು ಎಷ್ಟು ಬಂತು ಎಂಬುದನ್ನಲ್ಲ, ಎರಡು ಬಣ್ಣಗಳ ನಡುವಿನ ಪ್ರಮಾಣವನ್ನು. ನೀವು ಒಲೆಯಿಂದ ಎರಡು ಮಾರು ದೂರ ನಿಂತರೆ ಬೆಳಕು ಕಡಿಮೆಯಾಗುತ್ತದೆ, ಆದರೆ ಕೆಂಪೂ ಹಸಿರೂ ಒಂದೇ ಪಾಲಿನಲ್ಲಿ ಕಡಿಮೆಯಾಗುವುದರಿಂದ ಪ್ರಮಾಣ ಬದಲಾಗದು. ಹೀಗಾಗಿ ಮೊಬೈಲನ್ನು ಒಲೆಯ ಬಾಯಿಗೆ ಒಯ್ದು ಕೆಡಿಸಿಕೊಳ್ಳುವ ಅವಶ್ಯಕತೆಯೇ ಇಲ್ಲ.

ಈ ಕ್ರಮವನ್ನು ವಿಜ್ಞಾನಿಗಳು ನಿಜವಾಗಿಯೂ ಉಪಯೋಗಿಸುತ್ತಾರೆ. 2012ರಲ್ಲಿ ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ, ಅಂದರೆ ತೂಕವೇ ಇಲ್ಲದಂಥ ಸ್ಥಿತಿಯಲ್ಲಿ, ಉರಿ ಹೇಗೆ ಉರಿಯುತ್ತದೆ ಎಂದು ಪರೀಕ್ಷಿಸಿದಾಗ ಉರಿಯೊಳಗಿನ ಮಸಿಯ ಕಾವನ್ನು ಕಂಡುಹಿಡಿದದ್ದು ಅಂಗಡಿಯಲ್ಲಿ ಸಿಗುವಂಥ ಬಣ್ಣದ ಡಿಜಿಟಲ್ ಕ್ಯಾಮೆರಾದ ಚಿತ್ರಗಳಿಂದಲೇ. ಆದರೆ ಅವರು ತಮ್ಮ ಕ್ಯಾಮೆರಾದ ಪ್ರತಿಯೊಂದು ಸೋಸುಗಾಜು ಯಾವ ಬೆಳಕನ್ನು ಎಷ್ಟು ಬಿಡುತ್ತದೆ ಎಂಬುದನ್ನು ಮೊದಲೇ ಅಳೆದು ಇಟ್ಟುಕೊಂಡಿದ್ದರು. ನಮ್ಮ ಕಿಸೆಯ ಮೊಬೈಲಿಗೆ ಅಂಥ ಜಾತಕ ಯಾರೂ ಬರೆದುಕೊಟ್ಟಿಲ್ಲ.

ಇಲ್ಲಿಯೇ 'ಮಸಿ' ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ಮನೆಯಲ್ಲಿ ಕಣ್ಣಿಗೆ ಕಾಡಿಗೆ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಹರಳೆಣ್ಣೆಯ ಪಣತಿಯ ಮೇಲೆ ತಣ್ಣಗಿನ ತಟ್ಟೆ ಬೋರಲು ಹಾಕಿದರೆ ಕರಿ ಕೂಡುತ್ತದೆ. ಆ ಕರಿ ತಟ್ಟೆಯಿಂದ ಹುಟ್ಟಿದ್ದಲ್ಲ. ಅದು ಉರಿಯೊಳಗೇ ಇತ್ತು, ಕಾದು ಹಳದಿಯಾಗಿ ಬೆಳಗುತ್ತಿತ್ತು. ತಟ್ಟೆ ಅದನ್ನು ತಣಿಸಿ ಹಿಡಿಯಿತು ಅಷ್ಟೇ. ಪಣತಿಯ, ಕಟ್ಟಿಗೆಯ, ಸಿಪ್ಪೆಯ ಹಳದಿ ಉರಿಯ ಬೆಳಕೆಲ್ಲ ಬಹುಪಾಲು ಈ ಮಸಿಯ ಕಣಗಳದು. ಒಂದೊಂದು ಕಣವೂ ಕಂಬಾರನ ಕಬ್ಬಿಣದಂತೆ ಕಾದು ಬೆಳಗುವುದರಿಂದ ಅದರ ಬಣ್ಣದಿಂದ ಕಾವು ತಿಳಿಯುತ್ತದೆ. ಒಂದೇ ವ್ಯತ್ಯಾಸವೆಂದರೆ, ಮಸಿಯ ಸಣ್ಣ ಕಣಗಳು ಹಸಿರು-ನೀಲಿ ಬೆಳಕನ್ನು ತಮ್ಮ ಪಾಲಿಗಿಂತ ಸ್ವಲ್ಪ ಹೆಚ್ಚಾಗಿ ಸೂಸುತ್ತವೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಉರಿಯ ಕಾವು ನಿಜಕ್ಕಿಂತ ನೂರು ಡಿಗ್ರಿಗೂ ಹೆಚ್ಚು ತೋರೀತು.

ನೀಲಿ ಉರಿಯ ಮಾತು ಬೇರೆ. ಗ್ಯಾಸ್ ಒಲೆಯ ನೀಲಿ ಉರಿಯಲ್ಲಿ ಮಸಿಯೇ ಇಲ್ಲ. ಅಲ್ಲಿ ಬೆಳಗುವುದು, ಅನಿಲ ಉರಿಯುವಾಗ ಕ್ಷಣಮಾತ್ರ ಹುಟ್ಟಿ ಅಳಿಯುವ ಇಂಗಾಲ-ಜಲಜನಕಗಳ ತುಣುಕುಗಳು. ಅವು ತಮಗೆ ಗೊತ್ತುಪಡಿಸಿದ ಬಣ್ಣಗಳನ್ನು ಮಾತ್ರ, 431 ಮತ್ತು 516 ನ್ಯಾನೋಮೀಟರಿನ ಆಸುಪಾಸಿನಲ್ಲಿ, ಸೂಸುತ್ತವೆ. ಆದುದರಿಂದ ನೀಲಿ ಉರಿಗೆ ಮೇಲಿನ ಲೆಕ್ಕ ಹಚ್ಚಿದರೆ ಬರುವ ಅಂಕೆಗೆ ಅರ್ಥವೇ ಇಲ್ಲ. ನೀಲಿ ಉರಿಯ ಚಿತ್ರದಿಂದ ಗಾಳಿ-ಅನಿಲಗಳು ಯಾವ ಪ್ರಮಾಣದಲ್ಲಿ ಬೆರೆತಿವೆ ಎಂದು ತಿಳಿಯಬಹುದು, ಕಾವು ತಿಳಿಯದು. ಉಪ್ಪೂ ಹೀಗೆಯೇ ಮೋಸ ಮಾಡುತ್ತದೆ. ಉರಿಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ಝಗ್ಗನೆ ಹಳದಿಯಾಗುತ್ತದೆ. ಅದು ಉಪ್ಪಿನೊಳಗಿನ ಸೋಡಿಯಂ ಎಂಬ ಧಾತುವಿನ 589 ನ್ಯಾನೋಮೀಟರಿನ ಬೆಳಕು. ಕ್ಯಾಮೆರಾದ ಕೆಂಪು, ಹಸಿರು ಎರಡು ಚೌಕಗಳಿಗೂ ಅದು ನುಗ್ಗಿ ಲೆಕ್ಕ ಕೆಡಿಸುತ್ತದೆ.

ಈಗ ಆ ಹುಡುಗನ 1700 ಡಿಗ್ರಿ ಎಲ್ಲಿಂದ ಬಂತು ನೋಡೋಣ. ಮೊಬೈಲ್ ತಯಾರಿಸುವವರು ಅದನ್ನು ಮಾಡಿದ್ದು ಮದುವೆಯ ಚಿತ್ರ ಚೆನ್ನಾಗಿ ಬರಲೆಂದು, ಕಾವು ಅಳೆಯಲೆಂದಲ್ಲ. ಕತ್ತಲೆಯ ಗಾಣದ ಮನೆಯಲ್ಲಿ ಹಿಡಿದಾಗ ಅದು ತಾನಾಗಿಯೇ ಕಣ್ಣು ಅಗಲಿಸಿ ಹೆಚ್ಚು ಬೆಳಕು ತೆಗೆದುಕೊಳ್ಳುತ್ತದೆ. ಚಿತ್ರದ ಅಂಕೆಗಳು 0ಯಿಂದ 255ರ ವರೆಗೆ ಮಾತ್ರ. ಸೇರು ತುಂಬಿ ತುಳುಕಿದ ಮೇಲೆ ಎಷ್ಟು ಜೋಳ ಸುರಿದರೂ ಸೇರಿನಲ್ಲಿ ಉಳಿಯುವುದು ಒಂದೇ ಸೇರು. ಹಾಗೆ ಕೆಂಪು 255ಕ್ಕೆ ಮುಟ್ಟಿ ನಿಂತು ಹಸಿರು ಮಾತ್ರ ಏರುತ್ತ ಹೋದರೆ, ಇವೆರಡರ ಅಂತರ ಕಡಿಮೆಯಾಗಿ ಉರಿ ಇಲ್ಲದ ಕಾವು ತೋರಿಸುತ್ತದೆ. ಮೊದಲನೆಯ ಚಿತ್ರದಲ್ಲಿ ಹೀಗೆಯೇ ಆಗಿರಬೇಕು. ಚಿತ್ರದ ನಟ್ಟನಡುವೆ ಉರಿ ಬೆಳ್ಳಗೆ ಕಂಡರೆ ಸೇರು ತುಳುಕಿದೆ ಎಂದೇ ತಿಳಿಯಿರಿ.

ಎರಡನೆಯ ಚಾಳಿ ಇನ್ನೂ ಸೂಕ್ಷ್ಮ. ದೀಪದ ಕೆಂಬೆಳಕಿನಲ್ಲಿಯೂ ಬಿಳಿಯ ಧೋತರ ಬಿಳಿಯಾಗಿಯೇ ಕಾಣಲೆಂದು ಮೊಬೈಲ್ ತಾನಾಗಿ ಕೆಂಪನ್ನು ತಗ್ಗಿಸಿ ನೀಲಿಯನ್ನು ಏರಿಸುತ್ತದೆ. ಬಣ್ಣದ ಪ್ರಮಾಣವನ್ನೇ ನಂಬಿದ ನಮ್ಮ ಅಳತೆಗೆ ಇದಕ್ಕಿಂತ ದೊಡ್ಡ ಕೇಡು ಯಾವುದು? ಬಾಗಿಲಿನಿಂದ ಬಿಸಿಲು ಸ್ವಲ್ಪ ಹೆಚ್ಚು ಬಿದ್ದರೆ ಸಾಕು, ಈ ತಿದ್ದುಪಡಿ ಬದಲಾಗಿ ಅಂಕೆ ನೂರಾರು ಡಿಗ್ರಿ ಜಿಗಿಯುತ್ತದೆ.

ಮೂರನೆಯದು, ಚಿತ್ರದಲ್ಲಿ ಬರೆದಿಡುವ ಅಂಕೆಗಳೇ ಬಾಗಿಸಿದ ಅಂಕೆಗಳು. 100 ಎಂದಿರುವಲ್ಲಿಗಿಂತ 200 ಎಂದಿರುವಲ್ಲಿ ಬೆಳಕು ಎರಡು ಪಟ್ಟು ಎಂದುಕೊಳ್ಳಬೇಡಿರಿ, ಅದು ಸುಮಾರು ನಾಲ್ಕೂವರೆ ಪಟ್ಟು. ಇದನ್ನು ಬಿಡಿಸದೆ ಪ್ರಮಾಣ ತೆಗೆದರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪಿತು. ಒಂದು ಚಿತ್ರ ತೋರಿಸಿದರೆ ಕಾವು ಹೇಳುತ್ತೇವೆಂದು ಬರುವ ಆಪ್‌ಗಳು ಇವಕ್ಕೆಲ್ಲ ಏನು ಮಾಡುತ್ತವೆ ಎಂಬುದನ್ನು ಹೇಳದಿದ್ದರೆ ಅವುಗಳಿಗೆ ಹಣ ಕೊಡುವುದು ಬೇಡ.

ಆದರೂ ಚಿತ್ರವನ್ನು ಸರಿಯಾಗಿ ತೆಗೆಯುವುದು ಅಸಾಧ್ಯವಲ್ಲ. ಬಹಳಷ್ಟು ಮೊಬೈಲುಗಳಲ್ಲಿ 'ಪ್ರೋ' ಎಂಬ ಒಂದು ಬಗೆ ಇರುತ್ತದೆ. ಅದರಲ್ಲಿ ಐಎಸ್‌ಓ ಎಂಬುದನ್ನು ಎಲ್ಲಕ್ಕಿಂತ ಕೆಳಗಿನ ಅಂಕೆಗೆ ಇಟ್ಟು, ಶಟರನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೋ ಅದಕ್ಕೂ ಕಡಿಮೆಗೋ ಇಳಿಸಿ, ಬಿಳುಪಿನ ತಿದ್ದುಪಡಿಯನ್ನು 'ಬಿಸಿಲು' ಎಂಬಲ್ಲಿ ಕಟ್ಟಿಹಾಕಬೇಕು. 'ರಾ' ಎಂಬ ಕಚ್ಚಾ ಚಿತ್ರ ಉಳಿಸುವ ಸೌಕರ್ಯವಿದ್ದರೆ ಅದನ್ನೇ ಆರಿಸಬೇಕು, ಅದರ ಅಂಕೆಗಳು ಬಾಗಿಸದೆ ಇದ್ದ ಹಾಗೇ ಇರುತ್ತವೆ. ಚಿತ್ರದಲ್ಲಿ ಒಲೆಯ ಸುತ್ತ ಕಗ್ಗತ್ತಲೆ ಕಂಡು, ಉರಿ ಮಾತ್ರ ಕಿತ್ತಳೆ ಬಣ್ಣದಲ್ಲಿ ಕಂಡರೆ ಸರಿಯಾಗಿದೆ. ನೋಡಲು ಚಂದವಿರುವುದಿಲ್ಲ, ಇರಬೇಕಾದದ್ದೂ ಇಲ್ಲ.

ಇನ್ನು ಮೊಬೈಲಿಗೆ ಕಾವಿನ ಪಾಠ ಕಲಿಸಬೇಕು. ಗೊತ್ತಿರುವ ಕಾವಿನ ವಸ್ತುವಿನ ಚಿತ್ರ ತೆಗೆದು, ಆಗಿನ ಕೆಂಪು-ಹಸಿರಿನ ಪ್ರಮಾಣವನ್ನು ಬರೆದಿಟ್ಟುಕೊಳ್ಳುವುದೇ ಆ ಪಾಠ. ಗೊತ್ತಿರುವ ಕಾವು ಎಲ್ಲಿ ಸಿಗುತ್ತದೆ? ಕಂಬಾರಸಾಲೆಯಲ್ಲಿಯೇ ಎರಡು ಸಿಗುತ್ತವೆ. ಕಬ್ಬಿಣ 770 ಡಿಗ್ರಿಗೆ ಕಾದಾಗ ಅಯಸ್ಕಾಂತ ಅದನ್ನು ಹಿಡಿಯುವುದನ್ನು ಬಿಟ್ಟುಬಿಡುತ್ತದೆ. ಸರಳಿನ ತುದಿಯನ್ನು ಕಾಯಿಸಿ ಹೊರತೆಗೆದು, ಉದ್ದನೆಯ ತಂತಿಗೆ ಕಟ್ಟಿದ ಅಯಸ್ಕಾಂತವನ್ನು ಸೋಂಕಿಸುತ್ತ ಇದ್ದರೆ, ಸರಳು ಆರುತ್ತ ಬಂದು ಅಯಸ್ಕಾಂತ ಮತ್ತೆ ಹಿಡಿಯುವ ಗಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಆ ಗಳಿಗೆಯ ಚಿತ್ರವೇ ನಿಮ್ಮ 770. ತಾಮ್ರದ ತಂತಿ ಕರಗುವುದು 1085 ಡಿಗ್ರಿಗೆ. ಕುಲುಮೆಯ ಕೆಂಡದ ನಡುವೆ ತಂತಿಯ ತುದಿ ಹನಿಗಟ್ಟುವಾಗ ಪಕ್ಕದ ಕೆಂಡದ ಚಿತ್ರ ತೆಗೆದರೆ ಇನ್ನೊಂದು ಗುರುತು ಸಿಕ್ಕಿತು. ಈ ಎರಡರ ನಡುವೆ ಉಳಿದವನ್ನು ಸೂತ್ರದಿಂದ ತುಂಬಬಹುದು. ಕಾಲೇಜಿನ ಹುಡುಗನಿಗೆ ಇದು ಒಂದು ಸಂಜೆಯ ಕೆಲಸ. ಹೀಗೆ ತಯಾರಾದ ಪಟ್ಟಿ ಆ ಒಂದು ಮೊಬೈಲಿಗೆ ಮಾತ್ರ ಸಲ್ಲುತ್ತದೆ, ತಮ್ಮನ ಮೊಬೈಲಿಗೆ ಬೇರೆ ಪಟ್ಟಿ ಬೇಕು.

ಇಷ್ಟು ಮಾಡಿ ಗಾಣದ ಒಲೆಗೆ ಬಂದರೆ ಉಪಯೋಗವೇನು? ಉರಿಯ ನಾಲಗೆಯನ್ನು ಬಿಟ್ಟು ಒಲೆಯ ಒಳಗೋಡೆಯ ಇಟ್ಟಿಗೆಯನ್ನೋ ಕೆಂಡದ ಹಾಸನ್ನೋ ನೋಡಿರಿ ಎಂಬುದು ನಮ್ಮ ಸಲಹೆ. ಉರಿ ಗಳಿಗೆಗೊಂದು ರೂಪ ತಾಳುತ್ತದೆ, ಒಳಗೆ ಬಿಸಿ, ಅಂಚಿಗೆ ತಂಪು. ಗೋಡೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ಸುಳ್ಳು ಹೇಳುವುದು ಕಡಿಮೆ. ನಡುವೆ ಹೊಗೆ ಅಡ್ಡ ಬಂದರೆ ಸಂಜೆಯ ಸೂರ್ಯನಂತೆ ಎಲ್ಲವೂ ನಿಜಕ್ಕಿಂತ ಕೆಂಪಾಗಿ ಕಾಣುತ್ತದೆ, ಆಗ ಕಾವು ಕಡಿಮೆ ತೋರುತ್ತದೆ. ಹೊಗೆ ತಿಳಿಯಾದಾಗ ತೆಗೆಯಬೇಕು.

ಒಂದೇ ಜಾಗದಲ್ಲಿ ನಿಂತು, ಒಂದೇ ಮೊಬೈಲಿನಿಂದ, ಒಂದೇ ಗೋಡೆಯನ್ನು ದಿನಕ್ಕೆ ಮೂರು ಸಲ ನೋಡಿದರೆ ಡಿಗ್ರಿ ಐವತ್ತು ಹೆಚ್ಚುಕಡಿಮೆ ತಪ್ಪಿದರೂ ಚಿಂತೆಯಿಲ್ಲ. ನಿನ್ನೆಗಿಂತ ಇವತ್ತು ಏರಿತೇ ಇಳಿಯಿತೇ ಎಂಬುದು ಸರಿಯಾಗಿ ತಿಳಿಯುತ್ತದೆ, ಗಾಣದವನಿಗೆ ಬೇಕಾದುದೂ ಅದೇ. ಗಾಣದಿಂದ ಆಗತಾನೆ ಬಿದ್ದ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧ ನೀರು. ಆ ನೀರನ್ನು ಆವಿ ಮಾಡುವುದಕ್ಕೆ ಸಿಪ್ಪೆಯದೇ ಕಾವು ಖರ್ಚಾಗುತ್ತದೆ, ಕೊಪ್ಪರಿಗೆಗೆ ಮುಟ್ಟುವುದು ಉಳಿದದ್ದು. ಕಬ್ಬಿನ ರಸದಲ್ಲಿಯೂ ನೂರರಲ್ಲಿ ಎಂಬತ್ತು ಪಾಲಿಗೆ ಮೇಲೆ ನೀರೇ ಇರುವಾಗ, ಒಂದು ನೀರನ್ನು ಅಟ್ಟಲು ಇನ್ನೊಂದು ನೀರನ್ನು ಒಲೆಗೆ ಹಾಕುವುದು ಯಾವ ಲೆಕ್ಕ? ಎರಡು ದಿನ ಹೆಚ್ಚು ಒಣಗಿದ ಸಿಪ್ಪೆಯಿಂದ ಗೋಡೆಯ ಕಾವು ಎಷ್ಟು ಏರುತ್ತದೆ ಎಂದು ಕಣ್ಣಾರೆ ಅಂಕೆಯಲ್ಲಿ ಕಂಡರೆ, ಮಗ ಹೇಳಿದ ಮಾತನ್ನು ಅಪ್ಪನೂ ಕೇಳಿಯಾನು.

ಗಾಳಿಯ ಮಾತೂ ಹೀಗೆಯೇ. ಗಾಳಿ ಸಾಲದಿದ್ದರೆ ಉರಿ ಕೆಂಪಗೆ ಸೋಮಾರಿಯಾಗಿ ತೂಗಾಡುತ್ತದೆ, ಚಿಮಣಿಯಿಂದ ಕರಿಹೊಗೆ ಏಳುತ್ತದೆ. ಆ ಕರಿ ಉರಿಯದೆ ಹೋದ ಉರುವಲು. ಗಾಳಿ ಮಿತಿಮೀರಿದರೆ ಹೊಗೆ ಕಾಣುವುದಿಲ್ಲ, ಆದರೆ ತಣ್ಣನೆಯ ಗಾಳಿಯನ್ನು ಕಾಯಿಸಿ ಚಿಮಣಿಯಿಂದ ಹೊರಗೆ ಕಳಿಸುವುದಕ್ಕೇ ಸಿಪ್ಪೆ ಸುಡುತ್ತದೆ. ಇವೆರಡರ ನಡುವೆ ಎಲ್ಲಿಯೋ ಗೋಡೆ ಎಲ್ಲಕ್ಕಿಂತ ಹೆಚ್ಚು ಕಾಯುವ ಒಂದು ಜಾಗವಿದೆ. ಬೂದಿಗುಂಡಿಯ ಬಾಯಿಗೆ ಇಟ್ಟಿಗೆ ಅಡ್ಡವಿಟ್ಟು ತೆಗೆದು, ಪ್ರತಿ ಸಲವೂ ಅರ್ಧ ಗಂಟೆ ಬಿಟ್ಟು ಚಿತ್ರ ತೆಗೆದು ಆ ಜಾಗವನ್ನು ಹುಡುಕಬಹುದು. ಉರಿ ಹಾಕುವ ಆಳು ಒಂದೇ ಸಲ ತೆಕ್ಕೆಗಟ್ಟಲೆ ತುರುಕುವುದಕ್ಕೂ ಹಿಡಿಹಿಡಿಯಾಗಿ ಹಾಕುವುದಕ್ಕೂ ಇರುವ ಅಂತರ ಸಹ ಚಿತ್ರದಲ್ಲಿ ಬರುತ್ತದೆ. ನಮ್ಮ ವಾಚಕರ ಉರುವಲು ಉಳಿಯುವುದಾದರೆ ಈ ದಾರಿಯಲ್ಲಿ ಉಳಿಯಬೇಕು.

ಒಂದು ತಪ್ಪು ತಿಳಿವಳಿಕೆ ಮಾತ್ರ ಬೇಡ. ಬೆಲ್ಲದ ಹದವನ್ನು ಈ ಕ್ಯಾಮೆರಾ ಹೇಳಲಾರದು. ಪಾಕ ಇಳಿಸುವ ಕಾವು ಸುಮಾರು 116ರಿಂದ 118 ಡಿಗ್ರಿ. ಅಷ್ಟು ಕಾದ ವಸ್ತು ಕಣ್ಣಿಗೆ ಕಾಣುವ ಬೆಳಕನ್ನೇ ಸೂಸುವುದಿಲ್ಲ. ಅದಕ್ಕೆ ಪಾಕದಲ್ಲಿ ಅದ್ದುವ ಥರ್ಮಾಮೀಟರ್ ಬೇಕು, ಇಲ್ಲವೇ ತಣ್ಣೀರಲ್ಲಿ ಪಾಕ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುವ ಹಿರಿಯರ ಕೈ ಬೇಕು. 2020ರ ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲಿನಂಥ ಯಂತ್ರ ಕಡಿಮೆ ಕಾವನ್ನೂ ಹೇಳುತ್ತಿತ್ತಲ್ಲ ಎಂದರೆ, ಅದು ಕಣ್ಣಿಗೆ ಕಾಣದ ಬೇರೆ ಕಿರಣವನ್ನು ಹಿಡಿಯುವ ಯಂತ್ರ. ಮೊಬೈಲಿನ ಕ್ಯಾಮೆರಾಕ್ಕೆ ಆ ಕಿರಣ ಕಾಣದು.

ಅಡಿಗೆಮನೆಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇವೆ, ಇದಕ್ಕೆ ಯಾವ ಕ್ಯಾಮೆರಾವೂ ಬೇಡ. ದಿನವೂ ನೀಲಿಯಾಗಿ ಉರಿಯುತ್ತಿದ್ದ ಗ್ಯಾಸ್ ಒಲೆ ಹಳದಿ ನಾಲಗೆ ಚಾಚಿ ಪಾತ್ರೆಯ ತಳಕ್ಕೆ ಮಸಿ ಹತ್ತಿಸತೊಡಗಿದರೆ ಬರ್ನರಿನ ತೂತುಗಳೋ ಗಾಳಿಯ ದಾರಿಯೋ ಕಟ್ಟಿದೆ ಎಂದು ಅರ್ಥ. ಉಪ್ಪುನೀರು ಉಕ್ಕಿ ಬಿದ್ದಾಗ ಬರುವ ಹಳದಿ ಗಳಿಗೆಯಲ್ಲಿ ಹೋಗುತ್ತದೆ, ಇದು ಹೋಗುವುದಿಲ್ಲ. ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಕದ ಕಿಟಕಿ ಮುಚ್ಚಿದ ಚಳಿಗಾಲದ ಮನೆಯಲ್ಲಿ ಅದು ಜೀವ ತೆಗೆಯಬಲ್ಲದು. ಕಿಟಕಿ ತೆರೆದು ಒಲೆ ಆರಿಸಿ, ಬರ್ನರ್ ತೊಳೆದು ಒಣಗಿಸಿ ಹಚ್ಚಿರಿ. ಆಗಲೂ ನೀಲಿ ಬರದಿದ್ದರೆ ದುರಸ್ತಿಯವನನ್ನು ಕರೆಯಿಸಿರಿ.

ನಮ್ಮ ವಾಚಕರು ಪತ್ರದ ತುದಿಗೆ ಇನ್ನೊಂದು ಸಣ್ಣ ಸಂಗತಿ ಕೇಳಿದ್ದಾರೆ. ಕಣ್ಣಿಗೆ ಕೆಂಪಾಗಿ ಕಾಣುವ ಕೆಂಡ ಮೊಬೈಲಿನ ಚಿತ್ರದಲ್ಲಿ ಕೆಲವೊಮ್ಮೆ ನೇರಳೆಯಾಗಿ ಬರುವುದೇಕೆ ಎಂದು. ಕೆಂಡ ಸೂಸುವುದರಲ್ಲಿ ಬಹುಪಾಲು ಕೆಂಪಿಗಿಂತ ಆಚೆಗಿನ, ನಮ್ಮ ಕಣ್ಣಿಗೆ ಕಾಣದ ಕಿರಣ. ಅದನ್ನು ತಡೆಯಲು ಕ್ಯಾಮೆರಾದ ಮುಂದೆ ಒಂದು ಗಾಜು ಇಟ್ಟಿರುತ್ತಾರೆ. ಅಗ್ಗದ ಮೊಬೈಲುಗಳಲ್ಲಿ ಆ ಗಾಜು ಪೂರ್ತಿ ತಡೆಯುವುದಿಲ್ಲ. ನುಸುಳಿ ಬಂದ ಕಿರಣ ಕೆಂಪು ಚೌಕದ ಜೊತೆಗೆ ನೀಲಿ ಚೌಕಕ್ಕೂ ಇಳಿದು ನೇರಳೆ ಮಾಡುತ್ತದೆ. ನಿಮ್ಮ ಮೊಬೈಲಿನ ಗಾಜು ಹೇಗಿದೆ ಎಂದು ತಿಳಿಯಬೇಕಾದರೆ ಟಿವಿಯ ರಿಮೋಟಿನ ಮೂತಿಯನ್ನು ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿರಿ. ಬರಿಗಣ್ಣಿಗೆ ಏನೂ ಕಾಣದ ಕಡೆ ಪರದೆಯ ಮೇಲೆ ಹೊಳೆಯುವ ಚುಕ್ಕೆ ಕಂಡರೆ ಆ ಗಾಜು ಸೋರುತ್ತದೆ. ಅಂಥದನ್ನು ಬಿಟ್ಟು, ಚುಕ್ಕೆ ಕಾಣದ ಅಥವಾ ಮಂಕಾಗಿ ಕಾಣುವ ಮೊಬೈಲಿನಿಂದ ಒಲೆಯ ಚಿತ್ರ ತೆಗೆಯಿರಿ.